ಉಪ್ಪು ಹಾಕಿದೆನೋ ಇಲ್ಲವೋ

ಶೇಂಗಾ ಹುರಿಯುವ ವಾಸನೆ ಬಂದರೆ ಜನಕ್ಕೆ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಹೋದ ವಾರ ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಬರುವಾಗ, ಬಸ್ಸು ಎಂಐಡಿಸಿಯ ಕಾರಖಾನೆಗಳನ್ನು ದಾಟುವ ಹೊತ್ತಿಗೆ, ಪಕ್ಕದ ಸೀಟಿನ ಹೆಂಗಸು ಖಡಕ್ ರೊಟ್ಟಿಯ ಗಂಟು ಬಿಚ್ಚಿದಳು. ಶೇಂಗಾ ಚಟ್ನಿಯ ಪೊಟ್ಟಣ ಹರಿದು, ಒಂದು ಚೂರು ರೊಟ್ಟಿಗೆ ಹಚ್ಚಿ ನನ್ನ ಮುಂದೆ ಹಿಡಿದು, "ತಗೋರಿ ಅಕ್ಕಾ, ರುಚಿ ನೋಡ್ರಿ" ಅಂದಳು. "ಬ್ಯಾಡ್ರಿ" ಅಂದೆ. ನಾನು ಅಂದ ರೀತಿಗೆ ಅವಳು ವಳಸಂಗ ಬರುವವರೆಗೂ ಕಿಟಕಿಯ ಕಡೆ ತಿರುಗಿಯೇ ಕುಳಿತಳು. ಅವಳ ತಪ್ಪೇನೂ ಇರಲಿಲ್ಲ. ರುಚಿ ನೋಡು ಅನ್ನುವ ಮಾತು ಕೇಳಿದರೆ ನನಗೆ ಆ ಒಂದು ಬೇಸಿಗೆ ನೆನಪಾಗುತ್ತದೆ, ನೆನಪಾದ ಮೇಲೆ ಎದುರಿಗೆ ಯಾರೇ ಇರಲಿ ಬೈಯಬೇಕು ಅನಿಸುತ್ತದೆ.

ನಾನು ಮೈಂದರ್ಗಿಯವಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಅಕ್ಕಲಕೋಟಕ್ಕೆ ಬಂದಾಗ ನನಗೆ ರೊಟ್ಟಿ ಬಡಿಯುವುದೂ ನೆಟ್ಟಗೆ ಬರುತ್ತಿರಲಿಲ್ಲ. ಗಂಡನ ಮನೆಯಲ್ಲಿ ಹೆಂಗಸರ ಕೆಲಸವೆಂದರೆ ಶೇಂಗಾ ಚಟ್ನಿ. ಕುಟ್ಟಿ ಅಂಗಡಿಗಳಿಗೆ, ಯಾತ್ರಿಕರು ಇಳಿಯುವ ಲಾಜುಗಳಿಗೆ ಕೊಡುವುದು. ಮಿಕ್ಸರಿನದಲ್ಲ. ಹಿತ್ತಲಲ್ಲಿ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನೊಳಗೆ ನೆಲದಲ್ಲಿ ಹೂತ ಕಲ್ಲಿನ ಒರಳು (ನಮ್ಮ ಬಾಯಲ್ಲಿ ಒಳ್ಳ), ತುದಿಗೆ ಕಬ್ಬಿಣದ ಬಳೆ ಹಾಕಿದ ಒನಕೆ. ಶೇಂಗಾ ಎಣ್ಣೆ ಬಿಟ್ಟು ಚಟ್ನಿ ಮುದ್ದೆಗಟ್ಟುವವರೆಗೆ ಕುಟ್ಟಬೇಕು. ಆ ಒರಳಿಗೆ ಒಂದು ಕಟ್ಟಳೆ ಇತ್ತು. ಚಟ್ನಿ ದೇವರ ಮೀಸಲು, ಕುಟ್ಟುವವಳು ರುಚಿ ನೋಡುವಂತಿಲ್ಲ. ಬೆರಳು ನೆಕ್ಕುವುದಿರಲಿ, ಮೂಗು ತೀರ ಹತ್ತಿರ ಒಯ್ದರೂ ನಮ್ಮ ಅತ್ತೆ ಹೊರಸಿನ ಮೇಲಿಂದ ಕೆಮ್ಮುತ್ತಿದ್ದರು. ಕುಟ್ಟಿ ಮುಗಿದು, ಒಂದು ಚಮಚ ದೇವರ ಮುಂದೆ ಎಡೆ ಹಿಡಿದ ಮೇಲೆಯೇ ಮನುಷ್ಯರ ಬಾಯಿಗೆ. ಹಾಗಾಗಿ ಖಾರ, ಉಪ್ಪು, ಬೆಳ್ಳುಳ್ಳಿ ಎಲ್ಲ ಕೈಯಳತೆ. ಒಂದು ಒರಳಿಗೆ ಒಂದೂವರೆ ಮುಷ್ಟಿ ಉಪ್ಪು. ಹದಿನೆಂಟು ವರ್ಷದಲ್ಲಿ ನಾನು ಒಂದು ಸಲವೂ ತಪ್ಪಿರಲಿಲ್ಲ. ಅತ್ತೆ ಯಾರನ್ನೂ ಹೊಗಳುವ ಪೈಕಿ ಅಲ್ಲ, ಆದರೆ ಬೀಗರ ಮುಂದೆ ಒಮ್ಮೆ, "ಈಕಿ ಕೈಯಾಗ ತಕ್ಕಡಿ ಐತಿ" ಅಂದಿದ್ದರು. ಆ ಒಂದು ಮಾತಿನ ಮೇಲೆ ಆ ಮನೆಯಲ್ಲಿ ತಲೆಯೆತ್ತಿ ತಿರುಗಾಡಿದೆ ನಾನು.

ರೋಗ ಬಂದದ್ದು ದೀಪಾವಳಿಯ ಎಡಬಲದಲ್ಲಿ. ಎಡಗಣ್ಣು ಮಂಜಾಯಿತು, ಬಲಗಾಲು ಜೋಮು ಹಿಡಿದು ಬಿಡಲೇ ಇಲ್ಲ. ಸೊಲ್ಲಾಪುರದ ನರದ ಡಾಕ್ಟರು ಮಿದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು ಬಿಳಿ ಚುಕ್ಕೆಗಳನ್ನು ತೋರಿಸಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ಮೈ ಕಾಯಬೇಕಾದ ಪಡೆಯೇ ನರಗಳ ಮೇಲಿನ ಹೊದಿಕೆಯನ್ನು ತಿನ್ನುತ್ತದಂತೆ, ಹೊದಿಕೆ ಹೋದ ನರದಲ್ಲಿ ಸುದ್ದಿ ತಡವಾಗಿ ಹೋಗುತ್ತದಂತೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ, ಅದು ನನ್ನ ತಲೆಯೊಳಗೇ ನಡೆಯುತ್ತದೆ ಅಂತ ಗೊತ್ತಿರಲಿಲ್ಲ. ಹೊಸ ಚುಕ್ಕೆ ಬೀಳದಂತೆ ತಡೆಯಲು ಔಷಧ ಇದೆ, ಬಿದ್ದ ಚುಕ್ಕೆ ಅಳಿಸಲು ಇಲ್ಲ. ಮರೆವು ಬರಬಹುದು, ಎರಡು ಕೆಲಸ ಒಟ್ಟಿಗೆ ಮಾಡುವುದು ಕಷ್ಟವಾಗಬಹುದು, ಮೈಗೆ ಸೆಕೆ ಒಗ್ಗುವುದಿಲ್ಲ ಅಂದರು. ಸೆಕೆ ಒಗ್ಗುವುದಿಲ್ಲವಂತೆ! ಅಕ್ಕಲಕೋಟದ ಹೆಂಗಸಿಗೆ, ಅದೂ ಒಲೆಯ ಮುಂದೆ ಶೇಂಗಾ ಹುರಿದು ಬದುಕುವವಳಿಗೆ!

ಹೋಳಿಹುಣ್ಣಿಮೆ ಕಳೆಯುವುದರೊಳಗೆ ಬಿಸಿಲು ಏರಿತು. ಮಧ್ಯಾಹ್ನ ಪತ್ರಾಸು ಕಾದು ಚಟಚಟ ಅನ್ನುತ್ತಿತ್ತು. ನಳಕ್ಕೆ ನಾಲ್ಕು ದಿನಕ್ಕೊಮ್ಮೆ ನೀರು. ಒಲೆಯ ಮುಂದೆ ಹತ್ತು ನಿಮಿಷ ಕೂತರೆ ನನ್ನ ಎಡಗಣ್ಣಿನಲ್ಲಿ ಬಣ್ಣಗಳು ತೊಳೆದು ಹೋಗುತ್ತಿದ್ದವು. ಎದ್ದು ಹೋಗಿ ಬ್ಯಾರಲ್ಲಿನ ನೀರು ತಲೆಗೆ ಸುರುವಿಕೊಂಡು ನೆರಳಲ್ಲಿ ನಿಂತರೆ ಬಣ್ಣಗಳು ಒಂದೊಂದಾಗಿ ಮರಳಿ ಬರುತ್ತಿದ್ದವು. ಇದನ್ನು ಹೇಳಿದರೆ ಯಾರು ನಂಬುತ್ತಾರೆ? ಅತ್ತೆ ಹೊರಸಿನ ಮೇಲೆ ಕೂತು, "ಒಲಿ ಮುಂದ ಕಾಣಂಗಿಲ್ಲ, ಟಿವಿ ಮುಂದ ಕಾಣತೈತಿ. ಭಾಳ ಶಾಣ್ಯಾ ಕಣ್ಣ ಅದಾವು ಬಿಡು" ಅನ್ನುತ್ತಿದ್ದರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಬೈಗುಳಕ್ಕೆ ಬೈಗುಳ ಇದೆ. ನನ್ನ ನೆಗೆಣ್ಣಿ ಶೈಲಾ, ಮೈದುನನ ಹೆಂಡತಿ, ನಾನು ಎದ್ದಾಗಲೆಲ್ಲ "ಪಾಪ ಅಕ್ಕಾ" ಅನ್ನುತ್ತಿದ್ದಳು. ಚಹಾ ಕೊಡುವಾಗ ಪಾಪ ಅಕ್ಕಾ, ಕೈಯಿಂದ ಕೊಡ ಕಸಿದುಕೊಳ್ಳುವಾಗ ಪಾಪ ಅಕ್ಕಾ. ಆ ಎರಡು ಶಬ್ದಕ್ಕೆ ಬೈಗುಳವೇ ಇಲ್ಲ.

ಹೋಳಿಯಾದ ಮೇಲೆ ಒಂದು ದಿನ ಎಡೆ ಹಿಡಿದು ಬಂದ ಅತ್ತೆ ಚಟ್ನಿ ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು. ಸಪ್ಪಗಿತ್ತು. ಉಪ್ಪೇ ಬಿದ್ದಿರಲಿಲ್ಲ. "ಹದಿನೆಂಟ ವರ್ಷಕ್ಕ ದೇವರಿಗೆ ಸಪ್ಪನ ಎಡಿ ತಿನ್ನಿಸಿದಿ" ಅಂದರು, ಅಷ್ಟೇ. ಎಂಟು ದಿನಕ್ಕೆ ಮತ್ತೊಂದು ಒರಳು ಉಪ್ಪಿನ ಗಡಿಗೆಯಾಯಿತು. ನಾಲಗೆ ಮೇಲೆ ಇಡಲಾಗದಷ್ಟು ಉಪ್ಪು. ಅದಾಗಿ ವಾರದಲ್ಲಿ ಇನ್ನೊಂದು ಹಾಗೆಯೇ. ಒಮ್ಮೆ ಹಾಕಲು ಮರೆತವಳು ಈಗ ಹಾಕಿದ್ದನ್ನು ಮರೆತು ಎರಡೆರಡು ಸಲ ಹಾಕುತ್ತಿದ್ದೇನೆ ಅಂತ ಎಲ್ಲರಿಗೂ ಗೊತ್ತಾಯಿತು. ನನಗೂ. ಕೂತಲ್ಲಿ ಕೂತು ನೆನೆಸಿಕೊಳ್ಳುತ್ತಿದ್ದೆ: ಮುಷ್ಟಿ ತುಂಬಿದ್ದು ಒಮ್ಮೆ ನೆನಪಾಗುತ್ತಿತ್ತು, ಎರಡನೆಯದು ಎಷ್ಟು ತಡಕಿದರೂ ಸಿಗುತ್ತಿರಲಿಲ್ಲ. ಸಿಗದಿರುವುದೇ ರೋಗದ ಲಕ್ಷಣ ಅಂದುಕೊಂಡೆ.

ಅತ್ತೆ ಒನಕೆ ತೆಗೆದು ಶೈಲಾಳ ಕೈಗೆ ಕೊಟ್ಟರು. "ನೀ ಇನ್ನ ಆರಾಮ ತಗೋ. ಬೇಕಾದ್ರ ಮೈಂದರ್ಗಿಗೆ ಹೋಗಿ ನಾಕ ತಿಂಗಳ ಇದ್ದ ಬಾ."

ನಾಲ್ಕು ತಿಂಗಳಿಗೆ ತವರಿಗೆ ಹೋದ ರೋಗಿ ಸೊಸೆ ಎಷ್ಟು ವರ್ಷಕ್ಕೆ ತಿರುಗಿ ಬರುತ್ತಾಳೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಎದ್ದು ನಿಂತೆ. "ಮಿರಗದ ಮಳಿ ತನಕಾ ಟೈಮ್ ಕೊಡ್ರಿ ಅತ್ತಿ. ಗುರು ಹುಣ್ಣಿಮಿ ಯಾತ್ರಿಕರ ಚಟ್ನಿ ಸುರು ಮಾಡೂ ಮುಂದ ಒಂದ ಒಳ್ಳ ನಾ ಒಬ್ಬಾಕೇ ಕುಟ್ಟತೀನಿ. ರುಚಿ ನೋಡಂಗಿಲ್ಲ, ಯಾರನ್ನೂ ಕೇಳಂಗಿಲ್ಲ. ಉಪ್ಪ ತಪ್ಪಿದ್ರ ನಾನಽ ಗಂಟು ಕಟ್ಟಿಕೊಂಡ ಮೈಂದರ್ಗಿ ಬಸ್ ಹತ್ತತೀನಿ."

"ಆತು" ಅಂದರು ಅತ್ತೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ನನ್ನ ಗಂಡ ಅವತ್ತು ಊಟದ ಹೊತ್ತಿಗೆ ಹೇಳಿದರು. ಅವರು ಎಂಐಡಿಸಿಯ ಟವೆಲ್ ಕಾರಖಾನೆಯಲ್ಲಿ ಜಾಬರ್, ಕೆಟ್ಟ ಮಗ್ಗ ರಿಪೇರಿ ಮಾಡುವವರು. ಕೆಟ್ಟ ಹೆಂಡತಿಗೆ ಅವರ ಬಳಿ ಇದ್ದ ಪಾನಾ ಒಂದೇ: "ಟೆನ್ಶನ್ ತಗೋಬ್ಯಾಡ."

ಡಾಕ್ಟರು ಮಿದುಳಿಗೂ ವ್ಯಾಯಾಮವಿದೆ ಎಂದು ಆಸ್ಪತ್ರೆಯ ಹಿಂದಿನ ಒಂದು ಸಣ್ಣ ಕೋಣೆಗೆ ಕಳಿಸಿದರು. ಅಲ್ಲಿ ಪ್ರಾಜಕ್ತಾ ಎಂಬ ಪುಣೆಯ ಹುಡುಗಿ ಕೂತಿದ್ದಳು. ಕನ್ನಡ ಒಂದಕ್ಷರ ಬಾರದು. ನನಗಿಂತ ಹದಿನೈದು ವರ್ಷ ಸಣ್ಣವಳು, ಮಾತು ಮಾತ್ರ ಹೆಡ್‌ಮೇಡಮ್ಮಿನದು. ಮೊದಲ ದಿನವೇ ಹದಿನೈದು ಶಬ್ದ ಓದಿ ತಿರುಗಿ ಹೇಳು ಅಂದಳು. ಕಾಗದದ ತುಂಬ ತ್ರಿಕೋನ, ನಕ್ಷತ್ರ, ಅಡ್ಡಗೆರೆ ಬರೆದಿದ್ದಳು, ಪ್ರತಿಯೊಂದರ ಕೆಳಗೂ ಅದರ ಅಂಕಿ ತುಂಬು ಅಂದು ಗಡಿಯಾರ ಒತ್ತಿದಳು. ಆಮೇಲೆ ಮೇಜಿನ ಮೇಲೆ ಗುಂಡಿಗಳನ್ನು ಸುರುವಿ "ಮೋಜಾ" ಅಂದಳು, ಎಣಿಸು ಅಂತ. ಎಣಿಸಿದೆ: "ಲಾಭ, ದೋನ್, ತೀನ್..."

"ಲಾಭ ಮ್ಹಣಜೇ ಕಾಯ?" ಲಾಭ ಅಂದರೆ ಏನು ಅಂತ ಕೇಳಿ ಕಾಗದದ ಮೇಲೆ ಏನೋ ಗೀಚಿದಳು.

ನಮ್ಮಲ್ಲಿ ಕಾಳು ಅಳೆಯುವಾಗ ಮೊದಲನೆಯದನ್ನು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅಪ್ಪನ ಕಣದಲ್ಲಿ ಹಾಗೆ ಎಣಿಸಿ ಬೆಳೆದವಳು ನಾನು. ಪುಣೆಯಲ್ಲಿ ಕಾಳು ಪೊಟ್ಟಣದಲ್ಲಿ ಬೆಳೆಯುತ್ತದೋ ಏನೋ, ಅವಳಿಗೆ ಗೊತ್ತಿರಲಿಲ್ಲ. "ಅದನ್ನ ತಪ್ಪಂತ ಬರದೀದ್ರ ಹೊಡದ ಹಾಕು" ಅಂತ ನನಗೆ ಬಂದ ಮರಾಠಿಯಲ್ಲಿ ಹೇಳಿದೆ. ಹೊಡೆದು ಹಾಕಿದಳು. ಉಳಿದ ತಪ್ಪುಗಳು ಹಾಗೇ ಉಳಿದವು, ಅವು ನಿಜವಾದ ತಪ್ಪುಗಳೇ ಆಗಿದ್ದವು. ಹದಿನೈದು ಶಬ್ದದಲ್ಲಿ ನನಗೆ ಐದು ಬಂದಿದ್ದವು. ಬಸ್ಸಿನಲ್ಲಿ ಬರುವಾಗ ಅತ್ತುಬಿಟ್ಟೆ. ಯಾರೂ ನೋಡದಂತೆ ಸೆರಗಿನೊಳಗೆ.

ವಾರಕ್ಕೊಮ್ಮೆ ಹೋಗುತ್ತಿದ್ದೆ. ಹಳೆಯ ದಾರಿ ಮುಚ್ಚಿದರೆ ಮಿದುಳು ಹೊಸ ದಾರಿ ಮಾಡಿಕೊಳ್ಳುತ್ತದೆ, ಮತ್ತೆ ಮತ್ತೆ ತುಳಿದರೆ ಆ ಕಾಲುದಾರಿ ಗಟ್ಟಿಯಾಗುತ್ತದೆ ಅಂತ ಅವಳು ಹೇಳುತ್ತಿದ್ದಳು. ನಮ್ಮೂರಲ್ಲಿ ರಸ್ತೆ ಅಗೆದು ಹೊಸ ದಾರಿ ಮಾಡಿದಾಗ ಅದು ಎರಡು ವರ್ಷ ನಮ್ಮ ಬಾಗಿಲ ಮುಂದಿನ ಕೆಸರಲ್ಲೇ ಹೋಗಿತ್ತು, ಅಂಥ ದಾರಿಯೋ ಅಂದೆ. ನಗಲಿಲ್ಲ. ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಮಾವಿನಹಣ್ಣು ಬೀಳುತ್ತವೆ, ಹಳದಿ ಒಂದು ಬುಟ್ಟಿಗೆ, ಹಸಿರು ಇನ್ನೊಂದಕ್ಕೆ. ಮೂವತ್ತೇಳು ವರ್ಷದ ಹೆಂಗಸು ಪಡಸಾಲೆಯಲ್ಲಿ ಕೂತು ಇಲ್ಲದ ಮಾವಿನಹಣ್ಣು ಹಿಡಿಯುವುದು, ಹಿತ್ತಲಲ್ಲಿ ಶೈಲಾ ನನ್ನ ಒರಳಿನಲ್ಲಿ ಧಡ್ ಧಡ್ ಕುಟ್ಟುವುದು. ಆ ಸದ್ದಿಗೆ ಹಲ್ಲು ಕಡಿಯುತ್ತಿದ್ದೆ. ಮೂರು ವಾರದಲ್ಲಿ ಆಟದಲ್ಲಿ ನಾನು ಹುಷಾರಾದೆ. ಒಲೆಯ ಮೇಲೆ ಹಾಲಿಟ್ಟದ್ದು ಮಾತ್ರ ಮರೆತುಹೋಗುತ್ತಲೇ ಇತ್ತು.

ನಾಲ್ಕನೆಯ ವಾರ ಮೊಬೈಲನ್ನು ಅವಳ ಮೇಜಿನ ಮೇಲೆ ಕುಕ್ಕಿದೆ. ಮರಾಠಿ ಸಾಲದೆ ಕನ್ನಡದಲ್ಲೇ ಶುರುಮಾಡಿದೆ. "ಇದರಾಗ ನಾ ಶಾಣ್ಯಾ ಆದ್ರ ಇದರಾಗ ಅಷ್ಟ ಶಾಣ್ಯಾ ಆದೆ. ನನ್ನ ಒಳ್ಳ ಇದರಾಗ ಎಲ್ಲೈತಿ? ನನಗ ಮಿರಗದೊಳಗ ಒಂದ ಒಳ್ಳ ಚಟ್ನಿ ಕುಟ್ಟೂದೈತಿ, ಮಾಯಿನಹಣ್ಣ ಮಾರೂದಿಲ್ಲ!" ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿದೆ, ಅರ್ಧ ಬೈಗುಳ ಬಿಟ್ಟು.

ಅವಳ ಮುಖ ಕೆಂಪಾಯಿತು. ಪೆನ್ನು ಕೆಳಗಿಟ್ಟಳು. ಓಡಿಸುತ್ತಾಳೆ ಅಂದುಕೊಂಡೆ. "ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ" ಅಂದಳು ಮರಾಠಿಯಲ್ಲಿ. ಯಾವುದನ್ನು ಅಭ್ಯಾಸ ಮಾಡುತ್ತೇವೋ ಅದು ಸುಧಾರಿಸುತ್ತದೆ, ಉಳಿದದ್ದಕ್ಕೆ ಅದು ಹರಿಯುತ್ತದೆ ಅಂತ ಮಾತು ಕೊಡಲಾರೆ ಅಂದಳು. ಹಾಳೆ ತಿರುವಿ, ಚಟ್ನಿ ಹೇಗೆ ಮಾಡುತ್ತೀರಿ, ಒಂದೊಂದೇ ಹೇಳಿ ಅಂದಳು. ಹೇಳಿದೆ. ಶೇಂಗಾ, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಬರೆದುಕೊಂಡು, ರುಚಿ ಯಾವಾಗ ನೋಡುತ್ತೀರಿ ಅಂದಳು.

"ನೋಡಂಗಿಲ್ಲ."

ಮೀಸಲು ಏನೆಂದು ವಿವರಿಸಿದೆ. ಉಪ್ಪು ಬಿದ್ದಿದೆ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದಳು. ಕೈಗೆ ಗೊತ್ತಾಗುತ್ತದೆ ಅಂದೆ. ಕೈಗೆ ಗೊತ್ತಾಗುವಂತಿದ್ದರೆ ಇಲ್ಲಿಗೆ ಯಾಕೆ ಬಂದಿರಿ ಅಂದಳು. ಕಪಾಳಕ್ಕೆ ಬಿಡಬೇಕು ಅನಿಸಿತು. ಒಂದು ಚೂರು ನಾಲಗೆಗೆ ಹಚ್ಚಿ ನೋಡಿದರೆ ನಿಮ್ಮ ಕಷ್ಟವೇ ಮುಗಿಯಿತಲ್ಲ, ನನಗೆ ಹುಷಾರಿಲ್ಲ ಅಂತ ದೇವರಿಗೆ ಹೇಳಿ ಅಂದಳು. ನಮ್ಮ ದೇವರು ಸಿಕ್ ಸರ್ಟಿಫಿಕೇಟ್ ತೆಗೆದುಕೊಳ್ಳುವುದಿಲ್ಲ ಅಂದೆ. ಅವಳು ನಿಟ್ಟುಸಿರು ಬಿಟ್ಟು ಹೊಸ ಹಾಳೆ ತೆಗೆದಳು. ಅವತ್ತಿನಿಂದ ನಮ್ಮಿಬ್ಬರ ನಿಜವಾದ ಕೆಲಸ ಶುರುವಾಯಿತು. ಪ್ರೀತಿ ಏನೂ ಹುಟ್ಟಲಿಲ್ಲ.

ಅವಳು ಹೇಳಿಕೊಟ್ಟದ್ದು ಇದು: ಒಂದು ತಟ್ಟೆಯ ಎಡಗಡೆ ಐದು ಹುಣಸೆಬೀಜ. ಒಂದೊಂದು ಸಾಮಾನು ಒರಳಿಗೆ ಬಿದ್ದ ಮೇಲೆ, ಬೀಳುವ ಮುಂಚೆ ಅಲ್ಲ, ಅದರ ಹೆಸರನ್ನು ಬಾಯಿಬಿಟ್ಟು ಹೇಳಿ ಒಂದು ಬೀಜವನ್ನು ತಟ್ಟೆಯ ಬಲಗಡೆಗೆ ಸರಿಸಬೇಕು. ಆಗ ಯಾರ ಮಾತಿಗೂ ಓಗೊಡಬಾರದು. ಬೆಳಗಿನ ತಂಪಿನಲ್ಲಿ ಮಾಡಬೇಕು, ಕುತ್ತಿಗೆಗೆ ಒದ್ದೆ ಬಟ್ಟೆ ಇರಬೇಕು. ಹಾಕಿ ಒಂದು ನಿಮಿಷಕ್ಕೆ ಕೇಳಿಕೋ, ಏನೇನು ಹಾಕಿದೆ? ಬಂದರೆ ಎರಡು ನಿಮಿಷಕ್ಕೆ, ಐದಕ್ಕೆ, ಹತ್ತಕ್ಕೆ. ತಪ್ಪುವಷ್ಟು ದೂರ ಹೋಗಬೇಡ, ತಪ್ಪನ್ನೂ ಮಿದುಳು ಕಲಿಯುತ್ತದೆ ಅಂದಳು. ಒರಳಿನ ಹತ್ತಿರ ನನ್ನನ್ನು ಬಿಡುವುದಿಲ್ಲವಲ್ಲ, ಹಾಗಾಗಿ ಹಿತ್ತಲ ಮೂಲೆಯಲ್ಲಿ ಒಡೆದ ಒಳಕಲ್ಲು ಒಂದಿತ್ತು, ಅದರಲ್ಲಿ ಉಸುಕು ಹಾಕಿ ಕುಟ್ಟಿದೆ. ಒಂದು ಬಟ್ಟಲ ಉಸುಕು ಶೇಂಗಾ, ಇನ್ನೊಂದು ಖಾರ, ಮತ್ತೊಂದು ಉಪ್ಪು.

"ಲಾಭ, ಶೇಂಗಾ. ಎರಡು, ಖಾರ."

ಅತ್ತೆ ಕಂಬಕ್ಕೆ ಒರಗಿ ನೋಡಿದರು. "ಉಸುಕ ಕುಟ್ಟಾಕತ್ತಾಳ. ರೋಗ ತಲಿಗೆ ಏರೇತಿ." ಶೈಲಾ ಒಳಗಿಂದ "ಪಾಪ ಅಕ್ಕಾ" ಅಂದಳು. ನನ್ನ ಗಂಡ ಸಂಜೆ ಬರುವಾಗ ಕಾರಖಾನೆಯಿಂದ ಅಂಚು ಸೊಟ್ಟ ಬಂದ ನಾಲ್ಕು ಟವೆಲು ತಂದು, ಒದ್ದೆ ಮಾಡಿ, ಹಿಂಡಿ, ನನ್ನ ಕುತ್ತಿಗೆಗೆ ಹಾಕಿ "ತಂಪ ಇರತೈತಿ" ಅಂದರು. ಟೆನ್ಶನ್ ಬಗ್ಗೆ ಮಾತಾಡಲಿಲ್ಲ. ಅದೊಂದು ದಿನ ಅವರನ್ನು ಕ್ಷಮಿಸಿದೆ.

ವೈಶಾಖದಲ್ಲಿ ಎಂಟು ದಿನ ಏನೂ ಬರಲಿಲ್ಲ. ಬೆಳಗಿನ ಐದಕ್ಕೇ ಗಾಳಿ ಬಿಸಿ. ಬೀಜ ಸರಿಸಿದೆನೋ ಇಲ್ಲವೋ ಅಂತ ಬೀಜವನ್ನೇ ನೋಡುತ್ತ ಕೂತುಬಿಡುತ್ತಿದ್ದೆ. ಪ್ರಾಜಕ್ತಾಳಿಗೆ ಫೋನು ಮಾಡಿ ಬೈದೆ. ಬಿಸಿಲಿಗೆ ಹಾಗಾಗುತ್ತದೆ, ಇದು ಹೊಸ ಪೆಟ್ಟಲ್ಲ, ಮಲಗಿ ಅಂದಳು. ಜ್ಯೇಷ್ಠ ಹಿಡಿದಾಗ ಒಂದು ಬೆಳಿಗ್ಗೆ ಉಸುಕು ಹಾಕಿ ಮುಗಿಸಿ ನೋಡಿದರೆ ನನ್ನ ಕೈ ತಾನಾಗಿ ಬೀಜ ಸರಿಸಿಬಿಟ್ಟಿತ್ತು. ಬಾಯಿ ಇನ್ನೂ ಹೆಸರು ಹೇಳುತ್ತಿತ್ತು, ಕೈ ಮುಂದೆ ಹೋಗಿತ್ತು. ಮರುದಿನವೂ ಹಾಗೆಯೇ. ಅವಳು ಹೇಳುವ ಕಾಲುದಾರಿ ಇದೇ ಇರಬೇಕು ಅನಿಸಿತು. ಅವಳಿಗೆ ಮಾತ್ರ ಹೇಳಲಿಲ್ಲ, ಯಾಕೆ ಹೇಳಬೇಕು? ಅದೇ ವಾರ ಹದಿನೈದು ಶಬ್ದದ ಪರೀಕ್ಷೆ ಮತ್ತೆ ಆಯಿತು. ಆರು ಬಂದವು. ಒಂದು ಬೇಸಿಗೆಗೆ ಒಂದು ಶಬ್ದ.

ಮಿರಗ ಹೂಡಿತು, ಮಳೆ ಬರಲಿಲ್ಲ. ಧೂಳು ಬಂತು. ಪಂದ್ಯದ ದಿನ ಬೆಳಿಗ್ಗೆ ಅತ್ತೆ ಮಿಂದು ಹೊರಸಿನ ಮೇಲೆ ಕೂತರು. ಶೇಂಗಾ ಹುರಿದುಕೊಡುವುದು ಶೈಲಾಳ ಪಾಲು, ಒರಳು ನನ್ನದು. ತಟ್ಟೆಯಲ್ಲಿ ಐದು ಬೀಜ ಇಟ್ಟುಕೊಂಡೆ. ಮೂರು ತಿಂಗಳ ಮೇಲೆ ಒನಕೆ ಕೈಗೆ ಬಂದಿತ್ತು. ಹಿಡಿಯ ಹತ್ತಿರ ನನ್ನ ಅಂಗೈಯಿಂದಲೇ ಸವೆದ ಜಾಗದಲ್ಲಿ ಅಂಗೈ ಹೋಗಿ ಕೂತಿತು. ಹಾಕಿದೆ, ಹೆಸರು ಹೇಳಿದೆ, ಸರಿಸಿದೆ, ಕುಟ್ಟಿದೆ. ಎಣ್ಣೆ ಬಿಡುವ ಹೊತ್ತಿಗೆ ಪತ್ರಾಸು ಕಾದಿತ್ತು, ಎಡಗಣ್ಣಿನಲ್ಲಿ ಖಾರದ ಕೆಂಪು ಬೂದಿಯಾಗತೊಡಗಿತು. ಅತ್ತೆ ಎಡೆಯ ತಟ್ಟೆ ತರಲು ಒಳಗೆ ಹೋದರು. ನಾನು ಟವೆಲು ಒದ್ದೆ ಮಾಡಿಕೊಳ್ಳಲು ಬ್ಯಾರಲ್ಲಿನ ಹತ್ತಿರ ಹೋದೆ. ನಳ ಬರುವುದು ಮರುದಿನ. ಬ್ಯಾರಲ್ಲಿನ ತಳದಲ್ಲಿ ಬೊಗಸೆ ನೀರೂ ಇರಲಿಲ್ಲ. ಒಣ ಟವೆಲು ಹಿಡಿದುಕೊಂಡು ಕೂಡಲೇ ತಿರುಗಿ ಬಂದೆ.

ಶೈಲಾ ನನ್ನ ಒರಳಿನ ಮೇಲೆ ಬಗ್ಗಿದ್ದಳು. ಮುಷ್ಟಿ ಬಿಗಿದಿತ್ತು, ಬೆರಳ ಸಂದಿಯಿಂದ ಉಪ್ಪಿನ ಹರಳು ಕಾಣುತ್ತಿತ್ತು.

ಹೋಗಿ ಮಣಿಕಟ್ಟು ಹಿಡಿದೆ. ಅವಳು ಕಿರುಚಿ ಹಿಂದೆ ಸರಿದಳು, ಕಾಲು ತಟ್ಟೆಗೆ ತಾಗಿತು, ಐದೂ ಬೀಜ ನೆಲದ ಮೇಲೆ ಉರುಳಿದವು. ಉಪ್ಪು ಅವಳ ಮುಷ್ಟಿಯಲ್ಲೇ ಇತ್ತು, ಒಂದು ಹರಳೂ ಒರಳಿಗೆ ಬಿದ್ದಿರಲಿಲ್ಲ.

"ಏನ ಮಾಡಾಕತ್ತಿದ್ದಿ?"

"ಅಕ್ಕಾ, ನೀವು ಮರತೀರೇನೋ ಅಂತ... ತಪ್ಪಿದ್ರ ಮೈಂದರ್ಗಿಗೆ ಹೊಂಟ ಹೋಗತೀರಿ ಅಂತ..."

ನನಗೆ ತಟ್ಟನೆ ಎಲ್ಲ ಹೊಳೆಯಿತು. "ಹೋಳಿ ಆದಮ್ಯಾಲ ಎರಡ ಒಳ್ಳ ಉಪ್ಪಾಗಿದ್ವು. ಅವೂ ನೀನಽನ?"

ಅವಳು ಅಳತೊಡಗಿದಳು. "ಮೊದಲ ಸರ್ತಿ ನೀವು ಖರೇನ ಮರತಿದ್ರಿ ಅಕ್ಕಾ. ಅತ್ತಿ ಮತ್ತ ಬೈತಾರಂತ, ಮುಂದಿನ ಒಳ್ಳಿಗೆ ನೀವು ನೀರ ಹಾಕ್ಕೊಳಾಕ ಹೋದಾಗ ನಾ ಒಂದ ಮುಷ್ಟಿ ಹಾಕಿದೆ. ನೀವೂ ಹಾಕೀರಿ ಅಂತ ನನಗೇನ ಗೊತ್ತು? ರುಚಿ ನೋಡೂ ಹಂಗಿಲ್ಲಲ್ರಿ. ಒಂದ ಸರ್ತಿ ಹಾಕ್ಯಾರ, ಮುಂದಿನ ಸರ್ತಿ ಮರೀತಾರ ಅಂತ ಮತ್ತ ಹಾಕಿದೆ..."

"ಮೂರ ತಿಂಗಳ ಬಾಯಿ ಯಾಕ ಬಿಡಲಿಲ್ಲ?"

"ಅಂಜಿಕಿ ಬಂತ್ರಿ."

ಮೂರು ತಿಂಗಳು. ಇಲ್ಲದ ಎರಡನೆಯ ಮುಷ್ಟಿಯನ್ನು ನನ್ನ ತಲೆಯೊಳಗೆ ತಡಕಿ ತಡಕಿ, ಸಿಗಲಿಲ್ಲವಲ್ಲ ಅಂತ ಬಸ್ಸಿನಲ್ಲಿ ಅತ್ತಿದ್ದೆ. ಅದು ನನ್ನ ತಲೆಯಲ್ಲಿ ಇರಲೇ ಇಲ್ಲ, ಇವಳ ಕೈಯಲ್ಲಿತ್ತು. ಎದುರಿಗೆ ಕೂತು ನನ್ನ ತಾಟಿಗೆ ತುಪ್ಪ ಬಡಿಸಿ ಪಾಪ ಅಕ್ಕಾ ಅನ್ನುತ್ತಿದ್ದಳು. ನನ್ನ ರೋಗ ನನ್ನಿಂದ ತೆಗೆದುಕೊಂಡದ್ದು ಒಂದು ಒರಳು. ಇವಳ ಕರುಣೆ ತೆಗೆದುಕೊಂಡದ್ದು ಎರಡು. ವೈರಿಯಾಗಿದ್ದರೆ ಒಂದು ಕೆನ್ನೆಗೆ ಬಿಟ್ಟು ಮುಗಿಸಬಹುದಿತ್ತು. ಪ್ರೀತಿಯಿಂದ ಮಾಡಿದ್ದೇನೆ ಅಂತ ಅಳುವವಳನ್ನು ಏನು ಮಾಡಬೇಕು? ಅವತ್ತು ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಾಗಿಲ್ಲ. ಅವಳೊಂದಿಗೆ ಮಾತು ಇವತ್ತಿಗೂ ಅಷ್ಟಕ್ಕಷ್ಟೇ.

ಆದರೆ ಆ ಗಳಿಗೆಯಲ್ಲಿ ಅವಳು ಮೂಗು ಒರೆಸಿಕೊಂಡು ಒಂದು ಮಾತು ಕೇಳಿದಳು. "ಇವತ್ತ ಹಾಕೀರೇನ್ರಿ ಅಕ್ಕಾ?"

ಕೂಗಾಟದಲ್ಲಿ, ಸೆಕೆಯಲ್ಲಿ ಬೆಳಗಿನದೆಲ್ಲ ಎಲ್ಲೋ ಜಾರಿಹೋಗಿತ್ತು. ತಟ್ಟೆ ನೋಡಿದೆ. ಬೀಜಗಳು ಬಲಗಡೆ ಇದ್ದವೋ ಎಡಗಡೆ ಇದ್ದವೋ, ಈಗ ನೆಲದ ಮೇಲಿದ್ದವು. ಕೈಯನ್ನು ಕೇಳಿದೆ. ಅದಕ್ಕೂ ಗೊತ್ತಿರಲಿಲ್ಲ. ಸುಮ್ಮನೆ ಎಡೆಗೆ ಕೊಟ್ಟುಬಿಡಬಹುದಿತ್ತು. ಸರಿಯಿದ್ದರೆ ಗೆದ್ದೆ, ಇಲ್ಲದಿದ್ದರೆ ಮೈಂದರ್ಗಿ. ಆದರೆ ನನಗೆ ಆಗ ಗೆಲ್ಲುವುದು ಬೇಕಿರಲಿಲ್ಲ. ಗೊತ್ತಾಗುವುದು ಬೇಕಿತ್ತು. ಮೂರು ತಿಂಗಳಿಂದ ನನ್ನ ತಲೆಯ ಬಗ್ಗೆ ಡಾಕ್ಟರು, ಪುಣೆಯ ಹುಡುಗಿ, ಅತ್ತೆ, ಶೈಲಾ ಎಲ್ಲರಿಗೂ ಒಂದೊಂದು ಗೊತ್ತಿತ್ತು. ನನಗೊಬ್ಬಳಿಗೇ ಏನೂ ಗೊತ್ತಿರಲಿಲ್ಲ.

ಬೆರಳು ಒರಳಿನೊಳಗೆ ಅದ್ದಿ ಬಾಯಿಗೆ ಇಟ್ಟುಕೊಂಡೆ.

ಉಪ್ಪು ಇತ್ತು. ಎಷ್ಟಿರಬೇಕೋ ಅಷ್ಟು.

ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯಲ್ಲಿ ಎಡೆಯ ತಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಶೈಲಾಳ ಅಳು ಎಲ್ಲ ಕೇಳಿಸಿರಬೇಕು. "ಮೀಸಲ ಮುರದಿ" ಅಂದರು.

"ಮುರದೆ. ಉಪ್ಪ ಸರಿ ಐತಿ."

ಅತ್ತೆ ಮೆಲ್ಲಗೆ ಬಂದು ಒರಳಿನ ಬದಿಗೆ ಕುಕ್ಕರಗಾಲಲ್ಲಿ ಕೂತರು. ಮುರಿದ ಮೀಸಲಿಗೆ ಇನ್ನೇನು ಕಟ್ಟಳೆ? ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಚಪ್ಪರಿಸಿದರು. "ಐತಿ" ಅಂದರು. ಆಮೇಲೆ ಶೈಲಾಳ ಮುಷ್ಟಿಯ ಕಡೆ ನೋಡಿದರು. "ನೀ ಆ ಉಪ್ಪ ಚಲ್ಲಿ ಒಳಗ ನಡಿ. ಇನ್ನ ಈ ಒಳ್ಳಿನ ಕಡೆ ಹಾಯಬ್ಯಾಡ." ಅವಳು ಹೋದಳು. ನಾನು ಒನಕೆ ಗೋಡೆಗೆ ಒರಗಿಸಿ ಎದ್ದೆ. ಮಾತು ಮಾತೇ, ರುಚಿ ನೋಡುವುದಿಲ್ಲ ಅಂದವಳು ನೋಡಿದ್ದೆ.

"ಎಲ್ಲಿಗೆ ಹೊಂಟಿ?" ಅಂದರು ಅತ್ತೆ.

"ಗಂಟ ಕಟ್ಟತೀನ್ರಿ."

"ಗಂಟ ಆಮ್ಯಾಲ ಕಟ್ಟೀಯಂತ. ದೇವರಿಗೆ ಇನ್ನಾ ಎಡಿ ಆಗಿಲ್ಲ. ಇದನ್ನ ಮನ್ಯಾಗ ತಿನ್ನಾಕ ತಗದಿಡು. ಇನ್ನೊಂದ ಒಳ್ಳ ಹಾಕು." ಅಂದು, ನನ್ನ ಕೈಯಿಂದ ಒಣ ಟವೆಲು ಕಸಿದುಕೊಂಡು ದೇವರ ಕೋಣೆಗೆ ಹೋದರು. ಪೂಜೆಯ ಕೊಡದ ನೀರಲ್ಲಿ ಅದ್ದಿ ತಂದು ನನ್ನ ಕುತ್ತಿಗೆಯ ಮೇಲೆ ಎಸೆದರು. ಹಾಕಲಿಲ್ಲ, ಎಸೆದರು.

ನೆಲದ ಮೇಲೆ ಕೈಯಾಡಿಸಿ ಬೀಜ ಹುಡುಕಿದೆ. ನಾಲ್ಕು ಸಿಕ್ಕವು. ಐದನೆಯದು ಎಲ್ಲಿ ಉರುಳಿತ್ತೋ, ಮಂಜುಗಣ್ಣಿಗೆ ಕಾಣಲಿಲ್ಲ. ನಾಲ್ಕನ್ನೇ ಇಟ್ಟುಕೊಂಡೆ. ಲಾಭ ಶೇಂಗಾ, ಎರಡು ಖಾರ, ಮೂರು ಬೆಳ್ಳುಳ್ಳಿ, ನಾಲ್ಕು ಜೀರಿಗೆ. ಉಪ್ಪಿಗೆ ಬೀಜ ಇರಲಿಲ್ಲ. ಒಂದೂವರೆ ಮುಷ್ಟಿ ಉಪ್ಪು ಹಾಕಿದೆ. ಹಾಕಿದ್ದು ನನಗೆ ಇವತ್ತಿಗೂ ನೆನಪಿದೆ.